‘ಖಾಕಿ’ ಎಂದು ಬರೆದರೆ ಸಾಲದು

ಪುತ್ತೂರಿನ ದರ್ಬೆ ವೃತ್ತದಲ್ಲಿ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ನಿಂತವರಿಗೆ ಖಾಕಿ ಬಣ್ಣದಲ್ಲಿ ಎಷ್ಟು ಬಗೆಗಳಿವೆ ಎಂಬುದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಸರದಿಯಲ್ಲಿ ನಿಂತ ಆಟೋರಿಕ್ಷಾ ಚಾಲಕರ ಅಂಗಿಯದು ಒಂದು ಬಗೆ, ಸುಳ್ಯದ ಕಡೆಗೆ ಹೊರಟ ಬಸ್ಸಿನ ಚಾಲಕನದು ಇನ್ನೊಂದು, ವಾಹನ ಸಂಚಾರವನ್ನು ನೋಡಿಕೊಳ್ಳುವ ಪೊಲೀಸ್ ಸಿಬ್ಬಂದಿಯದು ಮತ್ತೊಂದು. ಕಾಲೇಜಿನ ದಿಕ್ಕಿಗೆ ನಡೆಯುವ ತರುಣನು ತೊಟ್ಟ, ಸಿದ್ಧ ಉಡುಪಿನ ಅಂಗಡಿಯಲ್ಲಿ ‘ಖಾಕೀಸ್’ ಎಂದು ಮಾರಾಟವಾದ ಪ್ಯಾಂಟ್ ಇವು ಯಾವುದನ್ನೂ ಹೋಲದೆ ಒಣಹುಲ್ಲಿನ ಬಣ್ಣಕ್ಕೆ ಸಮೀಪವಾಗಿರುತ್ತದೆ. ನಾಲ್ಕಕ್ಕೂ ಹೆಸರು ಒಂದೇ. ನೋಡುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಬಟ್ಟೆಯನ್ನು ಥಾನುಗಟ್ಟಲೆ ತರಿಸುವ ವರ್ತಕನಿಗೆ ಮತ್ತು ಅದನ್ನು ಕತ್ತರಿಸಿ ಹೊಲಿಯುವ ಸಣ್ಣ ಉದ್ಯಮಿಗೆ ಮಾತ್ರ ತೊಂದರೆಯುಂಟು.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ದರ್ಬೆಯಲ್ಲಿ ಆರು ಹೊಲಿಗೆ ಯಂತ್ರಗಳ ಒಂದು ಘಟಕವಿದೆ. ವಾಹನ ಚಾಲಕರು ಹಾಗೂ ಕಾವಲುಗಾರರ ಸಮವಸ್ತ್ರ ಹೊಲಿದುಕೊಡುವ ಕೆಲಸ ಅದಕ್ಕೆ ದೊರೆತಿದೆ. ಘಟಕದ ಮಾಲೀಕರು ದೂರದ ಸಗಟು ವ್ಯಾಪಾರಿಗೆ ದೂರವಾಣಿಯಲ್ಲಿ ‘ಖಾಕಿ, 300 ಮೀಟರು’ ಎಂದು ಹೇಳುತ್ತಾರೆ. ಮೀಟರಿಗೆ 160 ರೂಪಾಯಿಯಂತೆ 48,000 ರೂಪಾಯಿಯ ಸರಕು ಲಾರಿಯಲ್ಲಿ ಬರುತ್ತದೆ. ಬಿಲ್ಲಿನಲ್ಲಿಯೂ ‘ಖಾಕಿ’ ಎಂದೇ ಇದೆ. ಕಟ್ಟು ಬಿಚ್ಚಿದರೆ ಅದು ತಿಳಿ ಮಣ್ಣಿನ ಬಣ್ಣದ, ಪೇಟೆಯ ತರುಣರು ಉಡುವ ಪ್ಯಾಂಟಿನ ಬಟ್ಟೆ. ಸಮವಸ್ತ್ರಕ್ಕೆ ಬೇಕಾದದ್ದು ಕಂದು ಛಾಯೆಯದು. ಕೊಟ್ಟವನು ‘ಖಾಕಿ ಕೇಳಿದಿರಿ, ಖಾಕಿ ಕೊಟ್ಟೆ’ ಎನ್ನುತ್ತಾನೆ. ಪಡೆದವನು ‘ಇದು ಖಾಕಿಯೇ ಅಲ್ಲ’ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರಲ್ಲಿ ನಷ್ಟ ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ ಉತ್ತರ ಹುಡುಕಬೇಕಾದರೆ ಈ ಪದವು ನಡೆದು ಬಂದ ದಾರಿಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಆ ದಾರಿ ದಕ್ಷಿಣ ಕನ್ನಡದ ಮೂಲಕವೂ ಹಾದುಹೋಗಿದೆ ಎಂಬುದು ಈ ಜಿಲ್ಲೆಯ ವರ್ತಕರಿಗೆ ಇನ್ನಷ್ಟು ಆಸಕ್ತಿಯ ಸಂಗತಿ.

ಇಂಗ್ಲಿಷ್ ನಿಘಂಟುಗಳಲ್ಲಿ ಖಾಕಿಯು ಇಂಗ್ಲಿಷ್ ಪದವಾಗಿಯೇ ನೆಲೆಸಿದೆಯಾದರೂ ಅದರ ಹುಟ್ಟು ಪಾರಸಿ ಭಾಷೆಯಲ್ಲಿ. ‘ಖಾಕ್’ ಎಂದರೆ ಧೂಳು, ಮಣ್ಣು. ‘ಖಾಕಿ’ ಎಂದರೆ ಧೂಳಿನ ಬಣ್ಣದ್ದು. ಉರ್ದುವಿನ ಮೂಲಕ ಅದು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರ ಬಾಯಿಗೆ ಬಂದಿತು. 1846ರಲ್ಲಿ ಹ್ಯಾರಿ ಲಮ್ಸ್‌ಡನ್ ಎಂಬ ಅಧಿಕಾರಿ ಪೇಶಾವರದಲ್ಲಿ ‘ಕೋರ್ ಆಫ್ ಗೈಡ್ಸ್’ ಎಂಬ ಪಡೆಯನ್ನು ಕಟ್ಟಿದನು. ಬ್ರಿಟಿಷರ ಕೆಂಪು ಕೋಟು ಗಡಿನಾಡಿನ ಬರಡು ಬೆಟ್ಟಗಳಲ್ಲಿ ಶತ್ರುವಿಗೆ ಗುರಿ ತೋರಿಸುವಂತಿತ್ತು, ಉಷ್ಣಕ್ಕೂ ಹೊಂದುತ್ತಿರಲಿಲ್ಲ. ಆದುದರಿಂದ ಈ ಪಡೆಯವರಿಗೆ ನೆಲದ ಬಣ್ಣದ ಸಡಿಲ ಹತ್ತಿಯ ಉಡುಪನ್ನು ಕೊಡಲಾಯಿತು. 1857ರ ಸಂಗ್ರಾಮದ ಕಾಲದಲ್ಲಿ ಬೇರೆ ದಳಗಳೂ ತಮ್ಮ ಬಿಳಿಯ ಉಡುಪನ್ನು ಚಹಾ, ಕಾಫಿ, ಮಣ್ಣು ಮೊದಲಾಗಿ ಕೈಗೆ ಸಿಕ್ಕಿದ್ದರಲ್ಲಿ ಅದ್ದಿ ಬಣ್ಣಗೆಡಿಸಿಕೊಂಡವು. ಬಣ್ಣ ಹಾಕುವುದು ಎನ್ನುವುದಕ್ಕಿಂತ ಬಿಳುಪನ್ನು ಕೆಡಿಸುವುದು ಎನ್ನುವುದೇ ಸರಿ. ಒಂದೇ ದಳದ ಸಿಪಾಯಿಗಳು ಎರಡು ಒಗೆತದ ನಂತರ ಹತ್ತು ಛಾಯೆಗಳಲ್ಲಿ ಕಾಣಿಸುತ್ತಿದ್ದರು. ಒಂದು ಥಾನಿಗೂ ಇನ್ನೊಂದು ಥಾನಿಗೂ ಛಾಯೆ ಹೊಂದುವುದಿಲ್ಲ ಎಂಬ ಇಂದಿನ ದೂರು ಈ ಬಣ್ಣದ ಜೊತೆಯಲ್ಲಿಯೇ ಹುಟ್ಟಿದ್ದು.

ಇನ್ನು ಮಂಗಳೂರಿನ ವಿಷಯ. ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರಗೊಂಡು ಮನೆ, ಜಮೀನು, ಕುಲವೃತ್ತಿ ಎಲ್ಲವನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವ ಹೊಣೆ ಅವರ ಮೇಲೆ ಬಿದ್ದಿತು. ಮುದ್ರಣ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ, ಹೀಗೆ ಒಂದೊಂದಾಗಿ ಉದ್ಯಮಗಳು ಬಂದವು. ಕರಾವಳಿಯ ಮನೆಗಳ ಮಾಡಿನ ಮೇಲೆ ಇಂದಿಗೂ ಕಾಣುವ ಹೆಂಚಿನ ಕಥೆ ಎಲ್ಲರಿಗೂ ಗೊತ್ತು. ನೇಯ್ಗೆಯ ಕಥೆಯನ್ನು ಬಲ್ಲವರು ಕಡಿಮೆ. ಯೂರೋಪಿನಲ್ಲಿ ನೇಯ್ಗೆಯ ತರಬೇತಿ ಪಡೆದ ಜಾನ್ ಹಾಲರ್ 1851ರಲ್ಲಿ ಮಂಗಳೂರಿಗೆ ಬಂದು, ಬಲ್ಮಠದ ನೇಯ್ಗೆಶಾಲೆಯಲ್ಲಿ ಸುಧಾರಿತ ಮಗ್ಗಗಳನ್ನೂ ಬಣ್ಣ ಹಾಕುವ ವಿಭಾಗವನ್ನೂ ನೆಲೆಗೊಳಿಸಿದನು. ಗೇರು ಜಾತಿಗೆ ಸೇರಿದ ಮರದಿಂದ ತೆಗೆದ ಬಣ್ಣದಿಂದ ಒಂದು ಬಗೆಯ ಕಂದು ಬಟ್ಟೆಯನ್ನು ಆತ ಸಿದ್ಧಪಡಿಸಿದನು. ಅದೇ ಖಾಕಿ ಎಂದು ಮಿಷನ್ನಿನ ಚರಿತ್ರೆ ಹೇಳುತ್ತದೆ. ಮೊದಲು ಜಿಲ್ಲೆಯ ಪೊಲೀಸರಿಗೆ ಈ ಬಟ್ಟೆಯ ಉಡುಪು ದೊರೆಯಿತೆಂದೂ, ಮದ್ರಾಸು ಸೇನೆಯ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಬಲ್ಮಠಕ್ಕೆ ಬಂದು ನೋಡಿ ಮೆಚ್ಚಿ ಸೈನ್ಯಕ್ಕೂ ಶಿಫಾರಸು ಮಾಡಿದನೆಂದೂ ಕರಾವಳಿಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ರಾಬರ್ಟ್ಸ್ ಆ ಹುದ್ದೆಯಲ್ಲಿದ್ದದ್ದು 1881ರಿಂದ 1885ರವರೆಗೆ.

ಖಾಕಿಯನ್ನು ‘ಕಂಡುಹಿಡಿದವರು’ ಪೇಶಾವರದವರೇ ಮಂಗಳೂರಿನವರೇ ಎಂಬ ವಾದಕ್ಕೆ ಇಲ್ಲಿ ಇಳಿಯಬೇಕಾದ ಅಗತ್ಯವಿಲ್ಲ. ಕಾಲದ ಲೆಕ್ಕದಲ್ಲಿ ಹೆಸರು ಮತ್ತು ಉಡುಪು ಪೇಶಾವರದಲ್ಲಿ ಮೊದಲು ಕಾಣಿಸಿಕೊಂಡವು. ಕಾರ್ಖಾನೆಯ ಕ್ರಮದಲ್ಲಿ, ಒಂದೇ ಹದದಲ್ಲಿ, ಮಾರಾಟಕ್ಕೆಂದು ಬಟ್ಟೆಯನ್ನು ತಯಾರಿಸಿದ ಹೆಗ್ಗಳಿಕೆಯನ್ನು ಮಂಗಳೂರಿಗೆ ಕೊಡುವುದರಲ್ಲಿ ತಪ್ಪಿಲ್ಲ. ವ್ಯಾಪಾರದ ದೃಷ್ಟಿಯಿಂದ ಎರಡನೆಯದೇ ದೊಡ್ಡ ಕೆಲಸ.

ಗೇರು ಎಂಬ ಮಾತಿನಲ್ಲಿಯೂ ಇಂಥದೇ ಗೊಂದಲವಿದೆ. ಪುತ್ತೂರಿನವರಿಗೆ ಗೇರು ಎಂದರೆ ಗೇರುಬೀಜ, ಅಂದರೆ ಘಟ್ಟದ ಮೇಲಿನವರ ಗೋಡಂಬಿ. 1986ರಲ್ಲಿ ಪುತ್ತೂರಿನಲ್ಲಿ ಸ್ಥಾಪನೆಯಾದ ಗೇರು ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿರುವುದೂ ಅದೇ. ಘಟ್ಟದ ಮೇಲೆ ಗೇರು ಎಂದರೆ ಬೇರೆಯ ಮರ. ಅದರ ಕಾಯಿಯ ಕಪ್ಪು ರಸದಿಂದ ಮಡಿವಾಳರು ಬಟ್ಟೆಗಳಿಗೆ ಅಳಿಸಲಾಗದ ಗುರುತು ಹಾಕುತ್ತಿದ್ದರು. ಎರಡೂ ಒಂದೇ ಸಸ್ಯಕುಟುಂಬದವು. ಎರಡರ ರಸವೂ ಬಟ್ಟೆಗೆ ತಾಗಿದರೆ ಬಿಡುವುದಿಲ್ಲ. ಗೇರುಹಣ್ಣಿನ ರಸ ತಾಗಿದ ಅಂಗಿಯನ್ನು ಬಾಲ್ಯದಲ್ಲಿ ತೊಟ್ಟು ಬೈಸಿಕೊಂಡವರಿಗೆ ಬಲ್ಮಠದ ಪ್ರಯೋಗದ ತತ್ತ್ವವನ್ನು ವಿವರಿಸಬೇಕಾಗಿಲ್ಲ.

ಮುಂದೆ ನಡೆದದ್ದು ವರ್ತಕರು ಗಮನಿಸಬೇಕಾದ ಭಾಗ. ಸೈನ್ಯಕ್ಕೆ ಬೇಕಾಗಿದ್ದದ್ದು ಬಿಸಿಲಿಗೂ ಒಗೆತಕ್ಕೂ ಮಾಸದ ಖಾಕಿ. 1884ರಲ್ಲಿ ಇಂಗ್ಲೆಂಡಿನ ಲಂಕಾಷೈರ್ ಪ್ರಾಂತದ ಅಕ್ರಿಂಗ್ಟನ್ನಿನ ಬಣ್ಣದ ಉದ್ಯಮಿ ಫ್ರೆಡರಿಕ್ ಆಲ್ಬರ್ಟ್ ಗ್ಯಾಟಿ ಅಂಥದೊಂದು ವಿಧಾನಕ್ಕೆ ಪೇಟೆಂಟ್ ಪಡೆದನು. ಕಬ್ಬಿಣ ಮತ್ತು ಕ್ರೋಮಿಯಂ ಲವಣಗಳಿಂದ ನೂಲಿನೊಳಗೇ ಬಣ್ಣ ಕೂರುವಂತೆ ಮಾಡುವ ಈ ಖನಿಜ ಖಾಕಿ ಸುಲಭವಾಗಿ ಮಾಸುತ್ತಿರಲಿಲ್ಲ. 1885ರಿಂದ ಭಾರತದ ಸೈನ್ಯದಲ್ಲಿ, 1897ರ ಹೊತ್ತಿಗೆ ಹೊರದೇಶಗಳಲ್ಲಿದ್ದ ಬ್ರಿಟಿಷ್ ಸೈನ್ಯದಲ್ಲಿ, 1902ರಲ್ಲಿ ಸ್ವದೇಶದಲ್ಲಿದ್ದ ಸೈನ್ಯದಲ್ಲಿಯೂ ಖಾಕಿ ನೆಲೆಗೊಂಡಿತು. ಲಕ್ಷಾಂತರ ಗಜ ಬಟ್ಟೆಯ ಬೇಡಿಕೆ ಲಂಕಾಷೈರಿನ ಪಾಲಾಯಿತು. ಪದ ಭಾರತದ್ದು, ಮೊದಲು ಉಟ್ಟವರು ಭಾರತದ ಸಿಪಾಯಿಗಳು, ಮರದ ಬಣ್ಣ ಕರಾವಳಿಯದು. ಪೇಟೆಂಟಿನ ಹಕ್ಕು ಮಾತ್ರ ಅಕ್ರಿಂಗ್ಟನ್ನಿನದು. ಬಲ್ಮಠದವರು ಹಕ್ಕನ್ನು ಕಾದಿರಿಸುವ ಉದ್ದೇಶದಿಂದ ಆ ಕೆಲಸಕ್ಕೆ ಕೈ ಹಾಕಿದವರಲ್ಲ. ಹೊಟ್ಟೆಪಾಡಿನ ದಾರಿ ಹುಡುಕಿದವರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಮಿಷನ್ನಿನ ಜರ್ಮನ್ ಪ್ರಜೆಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು; ಯುದ್ಧದ ನಂತರ ಅದರ ವಾಣಿಜ್ಯ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು. ಅವರನ್ನು ಬಂಧಿಸಿದ ಸೈನ್ಯ ತೊಟ್ಟಿದ್ದದ್ದು ಖಾಕಿ.

ಇಂದು ಯಾರಾದರೂ ‘ಖಾಕಿ’ ಎಂಬ ಹೆಸರನ್ನು ತಮ್ಮ ಬಟ್ಟೆಯ ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಸರಕಿನ ಬಗೆ ಅಥವಾ ಗುಣವನ್ನು ಸೂಚಿಸುವ ಮಾತನ್ನಷ್ಟೇ ಚಿಹ್ನೆಯಾಗಿ ನೋಂದಾಯಿಸುವುದಕ್ಕೆ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ 9ನೆಯ ಕಲಮು ಅಡ್ಡಿಯಾಗಿದೆ. ಬಟ್ಟೆಯ ವ್ಯಾಪಾರದಲ್ಲಿ ಖಾಕಿ ಎಲ್ಲರ ಸೊತ್ತು, ಅಂದರೆ ಯಾರ ಸೊತ್ತೂ ಅಲ್ಲ. ಬಲ್ಮಠದ ನೇಯ್ಗೆಯ ಪರಂಪರೆಯಿಂದ ಬೆಳೆದ ಉಡುಪಿ ಸೀರೆ ಮಾತ್ರ ಈ ವಿಷಯದಲ್ಲಿ ಭಾಗ್ಯಶಾಲಿ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಂಥ ಸಂಸ್ಥೆಗಳು ಅದನ್ನು ಉಳಿಸಿಕೊಂಡಿವೆ.

ಇನ್ನು ಈ ಪದ ಹೊರನಾಡುಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ನೋಡಬೇಕು. ದರ್ಬೆಯ ಜಗಳದ ಬೇರು ಅಲ್ಲಿದೆ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧ 1899ರಿಂದ 1902ರವರೆಗೆ ನಡೆಯಿತು. ಅದರ ನಡುವೆ 1900ರಲ್ಲಿ ಬ್ರಿಟನ್ನಿನಲ್ಲಿ ನಡೆದ ಮಹಾಚುನಾವಣೆಯನ್ನು ಅಲ್ಲಿನವರು ‘ಖಾಕಿ ಚುನಾವಣೆ’ ಎಂದರು. ಯುದ್ಧದ ಉತ್ಸಾಹವನ್ನು ಬಳಸಿಕೊಂಡು ಲಾರ್ಡ್ ಸಾಲಿಸ್‌ಬರಿಯ ಕನ್ಸರ್ವೇಟಿವ್ ಪಕ್ಷ ಗೆದ್ದಿತು. ಬಣ್ಣದ ಹೆಸರು ಬಟ್ಟೆಗೆ, ಬಟ್ಟೆಯ ಹೆಸರು ಸೈನಿಕನಿಗೆ, ಸೈನಿಕನ ಹೆಸರು ರಾಜಕಾರಣಕ್ಕೆ ಹೀಗೆ ಸಾಗಿತು. ಅಮೆರಿಕದಲ್ಲಿ ಬೇರೆಯೇ ತಿರುವು ದೊರೆಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರು ತಮ್ಮ ಸೈನ್ಯದ ಪ್ಯಾಂಟುಗಳನ್ನೇ ತೊಟ್ಟು ಕಾಲೇಜುಗಳಿಗೆ ಹೋದರು. ಅಲ್ಲಿಂದ ಅದು ಸಾಮಾನ್ಯ ಉಡುಪಾಯಿತು, ಆಮೇಲೆ ಕಚೇರಿಯನ್ನೂ ಹೊಕ್ಕಿತು. ಲೀವೈಸ್ ಕಂಪೆನಿಯು 1986ರಲ್ಲಿ ‘ಡಾಕರ್ಸ್’ ಎಂಬ ಹೆಸರಿನಲ್ಲಿ ಇಂಥ ಪ್ಯಾಂಟುಗಳನ್ನು ಮಾರುಕಟ್ಟೆಗೆ ತಂದ ಮೇಲಂತೂ ‘ಖಾಕೀಸ್’ ಎಂಬ ಬಹುವಚನಕ್ಕೆ ಹತ್ತಿಯ ಸರಳ ಪ್ಯಾಂಟ್ ಎಂಬುದೇ ಅರ್ಥವಾಯಿತು. ಬಣ್ಣ ಯಾವುದಾದರೂ ಸರಿ. ‘ಕಪ್ಪು ಖಾಕೀಸ್’ ಎಂದು ಅಲ್ಲಿನ ಅಂಗಡಿಯವನು ನಗದೆಯೇ ಹೇಳಬಲ್ಲನು. ಕನ್ನಡದ ಕಿವಿಗೆ ಅದು ಹಸಿರು ಅರಸಿನದಂತೆ ಕೇಳಿಸೀತು.

ಫ್ರಾನ್ಸಿನಲ್ಲಿ ‘ಕಾಕಿ’ ಎಂದರೆ ಹೆಚ್ಚಾಗಿ ಆಲಿವ್ ಹಸಿರು. ಗಣಕಯಂತ್ರದಲ್ಲಿ ಜಾಲತಾಣಗಳನ್ನು ವಿನ್ಯಾಸ ಮಾಡುವವರು ಬಳಸುವ ಬಣ್ಣಗಳ ಪಟ್ಟಿಯಲ್ಲಿ ‘ಖಾಕಿ’ ಎಂಬ ಹೆಸರಿಗೆ ನಿಗದಿಯಾಗಿರುವುದು ತಿಳಿಹಳದಿ! ಪರದೆಯ ಮೇಲಿನ ಬಣ್ಣವನ್ನು ನೋಡಿ ಬಟ್ಟೆಗೆ ಬೇಡಿಕೆ ಸಲ್ಲಿಸುವ ಈ ಕಾಲದಲ್ಲಿ ಇದು ಬರಿಯ ವಿನೋದವಲ್ಲ. ಉಚ್ಚಾರಣೆಯಲ್ಲಿಯೂ ಐಕಮತ್ಯವಿಲ್ಲ. ಬ್ರಿಟಿಷರು ‘ಕಾಕಿ’ ಎಂದರೆ ಅಮೆರಿಕದವರು ‘ಕ್ಯಾಕಿ’ ಎನ್ನುತ್ತಾರೆ. ಕೆನಡಾದ ಹಿರಿಯರ ಬಾಯಲ್ಲಿ ಅದು ‘ಕಾರ್ಕಿ’ಯಾಗಿ ಕಾರಿನ ಬೀಗದಕೈಯಂತೆ ಕೇಳಿಸುತ್ತದೆ. ‘ಖ’ಕಾರವನ್ನು ‘ಕ’ಕಾರವಾಗಿ ನುಡಿಯುವ ಪುತ್ತೂರಿನ ಪೇಟೆಯವರು ತಮಗರಿವಿಲ್ಲದೆಯೇ ಲಂಡನ್ನಿನ ಪಕ್ಷದಲ್ಲಿದ್ದಾರೆ.

ಖಾಕಿಯ ಬೆನ್ನಿಗೆ ಅಂಟಿಕೊಂಡು ಬರುವ ‘ಡ್ರಿಲ್’ ಎಂಬ ಪದವೂ ಇದೇ ಜಾತಿಯದು. ಕನ್ನಡ ಶಾಲೆಯಲ್ಲಿ ಓದಿದವರಿಗೆ ಡ್ರಿಲ್ ಎಂದೊಡನೆ ಡ್ರಿಲ್ ಮಾಸ್ತರರ ನೆನಪಾಗುತ್ತದೆ, ಕಾರ್ಖಾನೆಯವರಿಗೆ ತೂತು ಕೊರೆಯುವ ಯಂತ್ರದ ನೆನಪಾಗುತ್ತದೆ. ಬಟ್ಟೆಯ ಡ್ರಿಲ್ ಇವೆರಡಕ್ಕೂ ಸಂಬಂಧಿಸಿದ್ದಲ್ಲ. ಮೂರು ಎಳೆಯದು ಎಂಬ ಅರ್ಥದ ಲ್ಯಾಟಿನ್ ಮಾತು ಜರ್ಮನ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಡ್ರಿಲ್ ಆಯಿತು. ಓರೆಗೆರೆಯ ನೇಯ್ಗೆಯ ಗಟ್ಟಿ ಹತ್ತಿಬಟ್ಟೆ ಎಂಬುದು ಅದರ ಅರ್ಥ. ಬ್ರಿಟಿಷ್ ಸೈನ್ಯದಲ್ಲಿ ‘ಖಾಕಿ ಡ್ರಿಲ್’ ಎಂಬುದನ್ನು ‘ಕೆ.ಡಿ.’ ಎಂದು ಚಿಕ್ಕದಾಗಿಸಿದ್ದರು. ಈಗ ಪೇಟೆಗೆ ಬರುವ ಖಾಕಿಯಲ್ಲಿ ಹೆಚ್ಚಿನದು ಟೆರಿಕಾಟನ್ನು ಅಥವಾ ಪಾಲಿಯೆಸ್ಟರ್ ಮಿಶ್ರಣ. ಖಾಕಿ ಎಂದೊಡನೆ ಹತ್ತಿ ಎಂದು ಭಾವಿಸುವುದಕ್ಕೂ ಈಗ ಆಧಾರವಿಲ್ಲ.

ಕನ್ನಡದಲ್ಲಿ ಈ ಪದದ ಬಾಳುವೆ ಮತ್ತೂ ಸ್ವಾರಸ್ಯದ್ದು. ಇಲ್ಲಿ ಖಾಕಿ ಎಂದರೆ ಬಣ್ಣಕ್ಕಿಂತ ಮೊದಲು ನೆನಪಾಗುವುದು ಅಧಿಕಾರ. ‘ಖಾಕಿ ಬಲೆಗೆ ಬಿದ್ದ ಕಳ್ಳ’, ‘ಖಾಕಿ ಕಣ್ಗಾವಲು’ ಎಂದು ದಿನಪತ್ರಿಕೆಗಳ ಶೀರ್ಷಿಕೆಗಳಲ್ಲಿ ಅದು ಪೊಲೀಸ್ ಇಲಾಖೆಯ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಖಾದಿ, ಖಾಕಿ, ಕಾವಿ ಎಂಬ ಮೂರು ಮಾತುಗಳನ್ನು ಒಟ್ಟಿಗೆ ಪೋಣಿಸಿ ರಾಜಕಾರಣಿ, ಪೊಲೀಸ್, ಸನ್ಯಾಸಿ ಎಂಬ ಅರ್ಥವನ್ನು ಹೊರಡಿಸುವುದು ಭಾಷಣಕಾರರಿಗೆ ಬಹಳ ಪ್ರಿಯ. ಮೂರರಲ್ಲಿ ಎರಡು ಮಣ್ಣಿನಿಂದಲೇ ಬಂದವು ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ. ಕಾವಿ ಎಂದರೆ ಕೆಂಪುಮಣ್ಣು. ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಕಾವಿ ಕಲೆಗೆ ಹೆಸರು ಬಂದದ್ದೂ ಅದರಿಂದಲೇ. ಪೇಶಾವರದ ಧೂಳು ಬೂದುಗಂದು ಬಣ್ಣದ್ದಾದುದರಿಂದ ಖಾಕಿಯು ಖಾಕಿಯಾಯಿತು. ಮುರಕಲ್ಲಿನ ನೆಲದ ಪುತ್ತೂರು, ಸುಳ್ಯ, ಕಡಬಗಳ ಧೂಳಿನಿಂದ ಸೈನ್ಯಕ್ಕೆ ಬಣ್ಣ ಹಾಕಿದ್ದರೆ ಜಗತ್ತಿನ ಸೈನಿಕರೆಲ್ಲ ಕಾವಿ ಉಡಬೇಕಾಗುತ್ತಿತ್ತು.

ಸಮವಸ್ತ್ರದ ಬಣ್ಣ ಬದಲಾದರೆ ಪೇಟೆಯ ದಾಸ್ತಾನು ಏನಾಗುತ್ತದೆ ಎಂಬುದು ಬೇರೆಯೇ ಅಧ್ಯಾಯ. ರಾಷ್ಟ್ರೀಯ ಸ್ವಯಂಸೇವಕ ಸಂಘವು 2016ರಲ್ಲಿ ಖಾಕಿ ಚಡ್ಡಿಯ ಸ್ಥಾನದಲ್ಲಿ ಕಂದು ಬಣ್ಣದ ಪ್ಯಾಂಟನ್ನು ಅಂಗೀಕರಿಸಿತು. ಇಂಥ ನಿರ್ಧಾರದ ಹಿಂದಿನ ವಿಚಾರ ಏನೇ ಇರಲಿ, ಕಪಾಟಿನಲ್ಲಿ ಹಳೆಯ ಬಣ್ಣದ ಥಾನುಗಳನ್ನು ಇರಿಸಿಕೊಂಡ ವರ್ತಕನ ಪಾಲಿಗೆ ಅದು ದಾಸ್ತಾನಿನ ಮೌಲ್ಯದ ಪ್ರಶ್ನೆ. ಸಮವಸ್ತ್ರದ ಬಟ್ಟೆಯನ್ನು ಒಂದು ವರ್ಷದ ಬೇಡಿಕೆಗಿಂತ ಹೆಚ್ಚು ತುಂಬಿಸಿಡುವುದು ಜಾಣತನವಲ್ಲ.

ಈಗ ದರ್ಬೆಯ ಆ 300 ಮೀಟರಿಗೆ ಮರಳೋಣ. 1930ರ ಸರಕು ಮಾರಾಟ ಕಾಯಿದೆಯ 15ನೆಯ ಕಲಮಿನಂತೆ, ವರ್ಣನೆಯ ಮೇಲೆ ಮಾರಾಟವಾದ ಸರಕು ಆ ವರ್ಣನೆಗೆ ಹೊಂದಲೇಬೇಕು. ಆದರೆ ವರ್ಣನೆ ಎಂದು ಇಲ್ಲಿರುವುದು ‘ಖಾಕಿ’ ಎಂಬ ಒಂದೇ ಮಾತು, ಮತ್ತು ಬಂದ ಬಟ್ಟೆಯೂ ಖಾಕಿ ಎಂದು ಕರೆಯಿಸಿಕೊಳ್ಳುವಂಥದೇ. ಆಗ ನೋಡಬೇಕಾಗುವುದು ವ್ಯಾಪಾರದ ರೂಢಿಯನ್ನು. 16ನೆಯ ಕಲಮು ಅದಕ್ಕೆ ಸ್ಥಾನ ಕೊಟ್ಟಿದೆ. ಗುಣಮಟ್ಟದ ಅಥವಾ ಒಂದು ಉದ್ದೇಶಕ್ಕೆ ಒದಗುವಿಕೆಯ ಷರತ್ತು ವ್ಯಾಪಾರದ ರೂಢಿಯಿಂದಲೂ ಸೇರಿಕೊಳ್ಳಬಹುದು. ತೊಡಕೇನೆಂದರೆ ಸಮವಸ್ತ್ರದ ವ್ಯಾಪಾರದ ರೂಢಿ ಒಂದು, ಫ್ಯಾಷನ್ ಉಡುಪಿನ ವ್ಯಾಪಾರದ ರೂಢಿ ಇನ್ನೊಂದು. ಚಾಲಕರ ಸಮವಸ್ತ್ರಕ್ಕಾಗಿ ಎಂಬ ನಾಲ್ಕಕ್ಷರದ ವಿವರಣೆ ಬೇಡಿಕೆಯಲ್ಲಿ ಇದ್ದಿದ್ದರೆ ಕೊಂಡವನ ಕೈ ಬಹಳ ಗಟ್ಟಿಯಾಗುತ್ತಿತ್ತು. ದೂರವಾಣಿಯ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಮಾದರಿಯ ತುಂಡನ್ನು ತೋರಿಸಿ ಮಾರಿದ್ದರೆ 17ನೆಯ ಕಲಮು ಅನ್ವಯಿಸುತ್ತದೆ. ರಾಶಿಯು ಮಾದರಿಗೆ ಹೊಂದಬೇಕು, ಹೋಲಿಸಿ ನೋಡಲು ಅವಕಾಶ ಕೊಡಬೇಕು. ಮಾದರಿ ಮತ್ತು ವರ್ಣನೆ ಎರಡೂ ಇದ್ದಲ್ಲಿ ಎರಡಕ್ಕೂ ಹೊಂದಬೇಕು. ಇದೇ ಎಲ್ಲಕ್ಕಿಂತ ಭದ್ರವಾದ ಮಾರ್ಗ.

ಹೊಲಿಗೆ ಘಟಕಗಳವರು ಮುಖ್ಯವಾಗಿ ನೆನಪಿಡಬೇಕಾದದ್ದು 42ನೆಯ ಕಲಮು. ಸರಕು ತಲುಪಿದ ಮೇಲೆ ಅದು ಇನ್ನೂ ಮಾರಿದವನದೇ ಎಂಬುದಕ್ಕೆ ವಿರುದ್ಧವಾದ ಯಾವುದಾದರೂ ಕೆಲಸವನ್ನು ಕೊಂಡವನು ಮಾಡಿದರೆ, ಅಥವಾ ಯುಕ್ತ ಕಾಲ ಕಳೆದರೂ ನಿರಾಕರಣೆಯನ್ನು ತಿಳಿಸದೆ ಸುಮ್ಮನಿದ್ದರೆ, ಆತ ಸರಕನ್ನು ಸ್ವೀಕರಿಸಿದನೆಂದೇ ಲೆಕ್ಕ. ಬಟ್ಟೆಗೆ ಕತ್ತರಿ ಹಾಕುವುದು ಅಂಥ ಕೆಲಸ. ಮೊದಲ ಥಾನನ್ನು ಕತ್ತರಿಸಿ ನಾಲ್ಕು ಅಂಗಿ ಹೊಲಿದು, ಗಿರಾಕಿಯು ಒಪ್ಪದಿದ್ದಾಗ ಬಾಕಿಯನ್ನೆಲ್ಲ ಹಿಂದಿರುಗಿಸುತ್ತೇನೆಂದರೆ ಮಾರಿದವನು ಒಪ್ಪಬೇಕಾಗಿಲ್ಲ. ಸಾಮಾನ್ಯವಾಗಿ ಉಳಿಯುವುದು ನಷ್ಟಪರಿಹಾರ ಕೇಳುವ ದಾರಿಯೊಂದೇ. 48,000 ರೂಪಾಯಿಯ ಬಟ್ಟೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವವರು ವಿರಳ. ಬಹುತೇಕ ಸಂದರ್ಭಗಳಲ್ಲಿ ಆ ಬಟ್ಟೆ ವರ್ಷಗಟ್ಟಲೆ ಮೂಲೆಯಲ್ಲಿದ್ದು ಕೊನೆಗೆ ಅರ್ಧ ಬೆಲೆಗೆ ಹೋಗುತ್ತದೆ.

ಮಾರಿದವನು 2006ರ ಎಂಎಸ್ಎಂಇ ಅಭಿವೃದ್ಧಿ ಕಾಯಿದೆಯ ರಕ್ಷಣೆಯುಳ್ಳ ಅತಿಸಣ್ಣ ಅಥವಾ ಸಣ್ಣ ತಯಾರಕನಾಗಿದ್ದರೆ ಇನ್ನೊಂದು ಗಡುವೂ ಉಂಟು. ಸರಕು ತಲುಪಿದ 15 ದಿನಗಳೊಳಗೆ ಕೊಂಡವನು ಲಿಖಿತವಾಗಿ ಆಕ್ಷೇಪಿಸದಿದ್ದರೆ ಸರಕು ತಲುಪಿದ ದಿನದಿಂದಲೇ ಪಾವತಿಯ ಅವಧಿಯ ಎಣಿಕೆ ಆರಂಭವಾಗುತ್ತದೆ. ‘ಬಣ್ಣ ಸರಿಯಿಲ್ಲ’ ಎಂದು ಹಣವನ್ನು ತಡೆಹಿಡಿದರೆ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ಹೊರೆ ಬೀಳಬಹುದು. ದೂರವಾಣಿಯಲ್ಲಿ ಎಷ್ಟು ಜೋರಾಗಿ ಆಕ್ಷೇಪಿಸಿದರೂ ಅದು ಲಿಖಿತವಾಗುವುದಿಲ್ಲ. ಮಾರಿದವನು ಸರಕನ್ನು ಮರಳಿ ಪಡೆಯಲು ಒಪ್ಪಿದಲ್ಲಿ, ಜಿಎಸ್‌ಟಿ ಲೆಕ್ಕ ಸರಿಪಡಿಸಲು ಆತ ಕ್ರೆಡಿಟ್ ನೋಟನ್ನು ಕೊಡಬೇಕು. ಅದನ್ನು ರಿಟರ್ನಿನಲ್ಲಿ ತೋರಿಸಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರವರೆಗೆ ಮಾತ್ರ ಅವಕಾಶ, ವಾರ್ಷಿಕ ರಿಟರ್ನನ್ನು ಅದಕ್ಕಿಂತ ಮೊದಲೇ ಸಲ್ಲಿಸಿದರೆ ಅಲ್ಲಿಗೇ ಮುಗಿಯಿತು.

ಜಿಎಸ್‌ಟಿಯ ಮಾತು ಬಂದುದರಿಂದ ಸಮವಸ್ತ್ರದ ಬಿಲ್ಲಿನ ಕುರಿತು ಒಂದು ಸಂಗತಿಯನ್ನು ಹೇಳಲೇಬೇಕು. ಖಾಕಿ ಬಟ್ಟೆಯನ್ನು ಬಟ್ಟೆಯಾಗಿಯೇ ಮಾರಿದರೆ ತೆರಿಗೆ ಶೇಕಡಾ 5. ಒಂದು ಅಂಗಿಗೆ, ಒಂದು ಪ್ಯಾಂಟಿಗೆ ಬೇಕಾದಷ್ಟನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟು ಮಾರಿದರೂ ಅದು ಬಟ್ಟೆಯೇ. ಥಾನಿನಿಂದ ತುಂಡು ಮಾಡಿ ಕಟ್ಟಿದ ಮಾತ್ರಕ್ಕೆ ಸರಕಿನ ಸ್ವರೂಪ ಬದಲಾಗದೆಂದು, ಹೊಲಿಯದ ಸಲ್ವಾರ್ ಸೂಟುಗಳ ಪ್ರಶ್ನೆ ಬಂದಾಗ, ಕೇಂದ್ರ ಮಂಡಳಿಯು 27-10-2017ರ 13ನೆಯ ಸಂಖ್ಯೆಯ ಸುತ್ತೋಲೆಯಲ್ಲಿ ತಿಳಿಸಿದೆ. ಹೊಲಿದ ಉಡುಪಿಗೆ ಮಾತ್ರ ಬೆಲೆಯ ಮಿತಿ ಇದೆ. 2017ರ ಜುಲೈಯಿಂದ ಅದು ಒಂದಕ್ಕೆ 1,000 ರೂಪಾಯಿಯಾಗಿತ್ತು. 22-9-2025ರಿಂದ 2,500 ರೂಪಾಯಿ. ಅಷ್ಟರವರೆಗೆ ಶೇಕಡಾ 5, ಮೇಲ್ಪಟ್ಟರೆ ಶೇಕಡಾ 18.

ಇಲ್ಲಿ ‘ಒಂದಕ್ಕೆ’ ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಅಂಗಿಗೆ 1,400, ಪ್ಯಾಂಟಿಗೆ 1,600 ಎಂದು ಬೇರೆಬೇರೆಯಾಗಿ ಬರೆದರೆ ಎರಡಕ್ಕೂ ಶೇಕಡಾ 5ರಂತೆ ತೆರಿಗೆ 150 ರೂಪಾಯಿ. ಅವೆರಡನ್ನೇ ‘ಖಾಕಿ ಸಮವಸ್ತ್ರ, 1 ಸೆಟ್, 3,000’ ಎಂದು ಒಂದೇ ಸಾಲಿನಲ್ಲಿ ಬರೆದರೆ, ಅದು ಒಂದೇ ಘಟಕವೆಂದು ಅಧಿಕಾರಿಯು ಶೇಕಡಾ 18ರ ದರದಲ್ಲಿ 540 ರೂಪಾಯಿ ಕೇಳಲು ಆಸ್ಪದವಾಗುತ್ತದೆ. ಒಂದೇ ಬಟ್ಟೆಯ, ಒಂದೇ ಬಣ್ಣದ ಮೇಲುಡುಪು ಮತ್ತು ಕೆಳಉಡುಪನ್ನು ಜೊತೆಯಾಗಿ ಮಾರುವುದಕ್ಕೆ ಸುಂಕದ ವರ್ಗೀಕರಣದಲ್ಲಿ ‘ಆನ್‌ಸಾಂಬ್ಲ್’ ಎಂಬ ಬೇರೆಯೇ ಹೆಸರಿದೆ ಎಂಬುದನ್ನೂ ಮರೆಯಬಾರದು. ಒಂದು ಸೆಟ್ಟಿಗೆ 390 ರೂಪಾಯಿಯ ವ್ಯತ್ಯಾಸವೆಂದರೆ ನೂರು ಸೆಟ್ಟಿಗೆ 39,000. ಹೊಲಿಗೆಯ ಲಾಭ ಅಷ್ಟಿರುತ್ತದೆಯೇ ಎಂದು ಆ ಆರು ಯಂತ್ರಗಳ ಮಾಲೀಕರನ್ನೇ ಕೇಳಬೇಕು. ಆದುದರಿಂದ ಕರಾರು ಪತ್ರದಲ್ಲಿ, ಬಿಲ್ಲಿನಲ್ಲಿ, ಬೆಲೆಚೀಟಿಯಲ್ಲಿ ಎಲ್ಲ ಕಡೆಯೂ ಅಂಗಿಯನ್ನು ಅಂಗಿಯೆಂದೂ ಪ್ಯಾಂಟನ್ನು ಪ್ಯಾಂಟೆಂದೂ ಬೇರೆಬೇರೆ ಬೆಲೆಯೊಡನೆ ತೋರಿಸುವುದು, ಮಾರಾಟವೂ ನಿಜಕ್ಕೂ ಹಾಗೆಯೇ ನಡೆಯುವಂತೆ ನೋಡಿಕೊಳ್ಳುವುದು ಉಚಿತ. ಬಿಲ್ಲಿನಲ್ಲಿ ಮಾತ್ರ ಒಡೆದು ತೋರಿಸಿ, ಟೆಂಡರಿನಲ್ಲಿ ಸೆಟ್ಟಿನ ದರವನ್ನೇ ಬರೆದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ.

ಹಾಗಾದರೆ ಬೇಡಿಕೆಯನ್ನು ಬರೆಯುವುದು ಹೇಗೆ? ಬಟ್ಟೆಯ ಜಾತಿ, ನೂಲಿನ ಮಿಶ್ರಣದ ಪ್ರಮಾಣ, ಪನ್ನ, ಒಂದು ಮೀಟರಿನ ತೂಕ, ಗಿರಣಿಯ ಛಾಯೆಯ ಸಂಖ್ಯೆ, ಯಾವ ಉಪಯೋಗಕ್ಕೆ ಎಂಬ ವಿವರ ಇವಿಷ್ಟಿದ್ದರೆ ‘ಖಾಕಿ’ ಎಂಬ ಮಾತು ಇಲ್ಲದಿದ್ದರೂ ನಡೆದೀತು. ಬಣ್ಣ ನಿಲ್ಲುವ ಗುಣಕ್ಕೆ ಪ್ರಯೋಗಾಲಯಗಳಲ್ಲಿ ಅಂಕಗಳಿವೆ. ಒಗೆತಕ್ಕೆ 1ರಿಂದ 5ರವರೆಗೆ, ಬೆಳಕಿಗೆ 1ರಿಂದ 8ರವರೆಗೆ. ಬಿಸಿಲಿನಲ್ಲಿ ದುಡಿಯುವವರ ಸಮವಸ್ತ್ರಕ್ಕೆ ಎರಡನ್ನೂ ಕೇಳಬೇಕು. ಎಲ್ಲ ಥಾನುಗಳೂ ಒಂದೇ ಸಲ ಬಣ್ಣ ಹಾಕಿದ ಲಾಟಿನವು ಆಗಿರತಕ್ಕದ್ದು ಎಂಬ ಸಾಲನ್ನು ಬಿಡಬಾರದು; ಒಂದು ಲಾಟಿನ ಬಟ್ಟೆಯಿಂದ ಅಂಗಿ, ಇನ್ನೊಂದರಿಂದ ಪ್ಯಾಂಟ್ ಹೊಲಿದರೆ ವ್ಯತ್ಯಾಸ ಗಿರಾಕಿಗೆ ಕಾಣದೆ ಇರದು. ಹಲವು ಬಣ್ಣಗಳನ್ನು ಬೆರೆಸಿ ಪಡೆಯುವ ಖಾಕಿಗೆ ಇನ್ನೊಂದು ದುರ್ಗುಣವೂ ಇದೆ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡ ಎರಡು ತುಂಡುಗಳು ಹಗಲಿನ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ಹೋಲಿಸಿ ನೋಡುವವರು ಅಂಗಡಿಯ ಮೆಟ್ಟಿಲಿಗೆ ಬಂದು ಹಗಲಿನಲ್ಲಿಯೇ ನೋಡಬೇಕು. ಹಳೆಯ ಜವಳಿ ವರ್ತಕರು ಥಾನನ್ನು ಹೆಗಲಿಗೇರಿಸಿ ಬೀದಿಗೆ ತಂದು ತೋರಿಸುತ್ತಿದ್ದದ್ದು ಬರಿಯ ಉಪಚಾರವಾಗಿರಲಿಲ್ಲ.

ಒಪ್ಪಿದ ಮಾದರಿಯನ್ನು ಎರಡಾಗಿ ಕತ್ತರಿಸಿ, ಎರಡು ತುಂಡುಗಳನ್ನೂ ರಟ್ಟಿಗೆ ಅಂಟಿಸಿ, ದಿನಾಂಕ ಬರೆದು, ಇಬ್ಬರೂ ಸಹಿ ಮಾಡಿ ಒಂದೊಂದನ್ನು ಇಟ್ಟುಕೊಂಡರೆ ಸಾಕು. ಆ ತುಂಡನ್ನು ಮೇಜಿನ ಗಾಜಿನಡಿಯಲ್ಲಿಯೋ ಪ್ರದರ್ಶನದ ಕಪಾಟಿನಲ್ಲಿಯೋ ಇಡಕೂಡದು. ಬೆಳಕಿಗೆ ಅದು ಮಾಸುತ್ತದೆ, ಆಮೇಲೆ ಸರಿಯಾದ ಬಟ್ಟೆಯೇ ಬಂದರೂ ಮಾದರಿಗೆ ಹೊಂದುವುದಿಲ್ಲ. ದಪ್ಪ ಲಕೋಟೆಯಲ್ಲಿ ಹಾಕಿ ಲೆಕ್ಕದ ಪುಸ್ತಕಗಳ ಜೊತೆಯಲ್ಲಿ ಬೀರುವಿನಲ್ಲಿಡಬೇಕು. ಸರಕಾರಿ ಕಚೇರಿಗಳಲ್ಲಿ ಬಳಸುವ ಆ ದಪ್ಪ ಕಂದು ಲಕೋಟೆಗೂ ಸ್ಟೇಷನರಿ ಅಂಗಡಿಯವರು ಹೇಳುವ ಹೆಸರು ಖಾಕಿ ಲಕೋಟೆ.